ದನ ಕಾಯುವವರ ಹಾಡು: ಕಪಿಲೆಯಿಂದ ಗಣೆಯವರೆಗೆ

ಕಳೆದ ಮಾಗಿಯಲ್ಲಿ ಜಯನಗರದ ಒಂದು ಸಭಾಂಗಣದಲ್ಲಿ ಕೌಬಾಯ್ ಹಾಡುಗಳ ಸಂಜೆ ನಡೆಯಿತು. ಗಿಟಾರು, ಬ್ಯಾಂಜೊ, ಮೌತ್ ಆರ್ಗನ್ ಹಿಡಿದ ಐದು ಜನ ಹುಡುಗರು. ಅವರಲ್ಲಿ ಮೂವರು ನಮ್ಮ ಬನಶಂಕರಿ, ಜೆ.ಪಿ. ನಗರದವರೇ. ಚೆನ್ನಾಗಿ ಹಾಡಿದರು. ಟೆಕ್ಸಾಸಿನ ದನಗಾಹಿಗಳು ಇರುಳಿನಲ್ಲಿ ಹಿಂಡನ್ನು ಸುತ್ತುತ್ತಾ ಹಾಡುತ್ತಿದ್ದ ಹಾಡೊಂದನ್ನು ಕುದುರೆಯ ನಡಿಗೆಯ ಲಯದಲ್ಲಿ, ದನ ಬೆದರದಷ್ಟು ಮೆಲ್ಲಗೆ ಹಾಡಿದಾಗ ನನಗೆ ಕಣ್ಣು ಹನಿಗೂಡಿತು. ಅದಾದ ಮೇಲೆ ಮುಖ್ಯ ಗಾಯಕ ಮೈಕಿನ ಮುಂದೆ ಹೇಳಿದ: "ನಮ್ಮಲ್ಲೂ ದನ ಇವೆ, ದನ ಕಾಯೋರೂ ಇದ್ದಾರೆ. ಆದ್ರೆ ಅವರದ್ದೇ ಅಂತ ಒಂದು ಸಂಗೀತ ಬೆಳೀಲಿಲ್ಲ. ನಮಗೆ ಕೌಬಾಯ್ ಸಂಗೀತ ಗೊತ್ತಾಗಿದ್ದೇ ಶೋಲೆ ಪಿಕ್ಚರಿಂದ." ಸಭೆ ಚಪ್ಪಾಳೆ ತಟ್ಟಿತು.

ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೆ ಹಾಗನ್ನಿಸುವಂತೆ ಮಾಡಿದವರು ನಾವು, ಜನಪದ ಹಾಡು ಸಂಗ್ರಹಿಸುತ್ತೇವೆಂದು ನಲವತ್ತು ವರ್ಷ ಊರೂರು ತಿರುಗಿದವರು. ಅದೇ ದಿನ ಬೆಳಿಗ್ಗೆ ನಮ್ಮ ಕ್ರಾಸಿಗೆ ಕೋಲೆಬಸವ ಬಂದಿತ್ತು. ಬೆನ್ನಿಗೆ ಬಣ್ಣದ ತುಂಡುಬಟ್ಟೆಗಳ ಹೊದಿಕೆ, ಕೋಡಿಗೆ ಹಿತ್ತಾಳೆಯ ಅಣಸು, ಕೊರಳಿಗೆ ಗೆಜ್ಜೆಯ ಸಾಲು. ಜೊತೆಯಲ್ಲಿ ಇಬ್ಬರು. ಒಬ್ಬ ಸಣ್ಣ ವಾಲಗ ಊದುತ್ತಿದ್ದ. ಇನ್ನೊಬ್ಬ ಹೆಗಲಿಗೆ ತಗುಲಿಸಿದ ಡೋಲಿನ ಚರ್ಮವನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಿದ್ದ. ಆ ಉಜ್ಜುವಿಕೆಗೆ ಹೊರಡುವ ಗುಂಯ್‌ಗುಡುವ ಸದ್ದು ಗೂಳಿಯ ಗುಟುರಿನದೇ ಪ್ರತಿರೂಪ. ಬಸವ ಆ ಸದ್ದಿಗೆ ತಲೆ ಆಡಿಸುತ್ತದೆ, ವಾಲಗಕ್ಕಲ್ಲ. ದನದ ಕಿವಿಗೆಂದೇ ಹುಟ್ಟಿದ ವಾದ್ಯ ಅದು. ಅಕ್ಕಪಕ್ಕದ ಮನೆಯವರು ಮೊರದಲ್ಲಿ ಅಕ್ಕಿ ತಂದು ಕೊಟ್ಟು, ಫೋಟೋ ತೆಗೆದು ಒಳಗೆ ಹೋದರು.

ಈ ಎರಡು ನೋಟಗಳೇ ಈ ಲೇಖನಕ್ಕೆ ಕಾರಣ. ಕನ್ನಡ ನಾಡಿನಲ್ಲಿ ದನ ಕಾಯುವ, ಹೂಡುವ, ಹೊಡೆದುಕೊಂಡು ಹೋಗುವ ಬದುಕಿನಿಂದ ಹುಟ್ಟಿದ ಸಂಗೀತ ಯಾವುದು, ಅದನ್ನು ಯಾರು ಕೇಳಿಸಿಕೊಂಡರು, ಈಗ ಎಲ್ಲಿದೆ ಎನ್ನುವುದನ್ನು ಒಂದು ಕಡೆ ಹೇಳಬೇಕೆನ್ನಿಸಿತು.

ಹಳೆಯ ಕಾಲದ ಮಾತು ಬೇಗ ಮುಗಿಸುತ್ತೇನೆ. ಬಿ.ಟಿ.ಎಂ. ಬಡಾವಣೆಯಿಂದ ಸ್ವಲ್ಪ ದೂರದ ಬೇಗೂರಿನಲ್ಲಿ ಕ್ರಿ.ಶ. 890ರ ಸುಮಾರಿನ ಶಾಸನವಿದೆ. ‘ಬೆಂಗಳೂರು’ ಎಂಬ ಹೆಸರು ಅದರಲ್ಲಿರುವುದರಿಂದ ಎಲ್ಲರಿಗೂ ಗೊತ್ತು. ಅದು ಕಾಳಗದ ಕಲ್ಲು. ಆದರೆ ನಾಡಿನ ಉದ್ದಗಲಕ್ಕೂ ಹರಡಿರುವ ವೀರಗಲ್ಲುಗಳಲ್ಲಿ ದೊಡ್ಡ ಪಾಲು ತುರುಗೋಳಿನವು: ಊರಿನ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ, ತುರುವನ್ನು ಬಿಡಿಸಿ ತಂದು ಸತ್ತವರ ನೆನಪು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಬದಿಯಲ್ಲಿ ಒತ್ತಿಕೊಂಡು ನಿಂತ ದನಗಳು, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. 941ರ ಪಂಪನ ಕಾವ್ಯದಲ್ಲಿ ಗೋಗ್ರಹಣವಿದೆ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಅದು ಉತ್ತರಕುಮಾರನ ಕಥೆಯಾಗಿ ನಾಡಿನ ಬಾಯಿಗೆ ಬಂತು. ಬಸವನಗುಡಿ, ಜಯನಗರದ ಗಮಕ ವಾಚನಗಳಲ್ಲಿ ಇಂದಿಗೂ ಜನ ಹೆಚ್ಚು ಇಷ್ಟಪಟ್ಟು ಕೇಳುವ ಭಾಗ ಅದೇ. ದನದ ಹಿಂಡಿಗಾಗಿ ಎರಡು ರಾಜ್ಯಗಳ ಸೈನ್ಯ ಎದುರಾಗುವ ಕಥೆಯನ್ನು ನಾವು ಹೇಡಿಯೊಬ್ಬ ವೀರನಾದ ಕಥೆಯೆಂದಷ್ಟೇ ಕೇಳುತ್ತಾ ಬಂದಿದ್ದೇವೆ.

ಗೋವಿನ ಹಾಡಿಗೂ ಇದೇ ಆಯಿತು. ಪುಣ್ಯಕೋಟಿಯ ಸತ್ಯವನ್ನು ಶಾಲೆಯಲ್ಲಿ ಕಲಿಯದ ಕನ್ನಡಿಗನಿಲ್ಲ. ಆದರೆ ಆ ಹಾಡು ಶುರುವಾಗುವುದು ಹುಲಿಯಿಂದಲ್ಲ, ಹಸುವಿನಿಂದಲೂ ಅಲ್ಲ. ಮಾವಿನ ಮರದ ಕೆಳಗೆ ಕೊಳಲೂದುತ್ತಾ ನಿಂತ ಗೊಲ್ಲನಿಂದ. ಅವನ ಹೆಸರು ಕಾಳಿಂಗ. ಅವನು ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ, ಅವು ಬರುತ್ತವೆ, ಹಾಲು ಕರೆಯುತ್ತಾನೆ. ಕೊಳಲು, ಹೆಸರು ಹಿಡಿದ ಕರೆ, ಅದಕ್ಕೆ ಓಗೊಟ್ಟು ಬರುವ ಹಿಂಡು: ದನಗಾಹಿ ಸಂಗೀತದ ಮೂರೂ ಅಂಶ ಆ ಮೊದಲ ಕೆಲವು ನುಡಿಗಳಲ್ಲಿವೆ. ಪಠ್ಯಪುಸ್ತಕಗಳಲ್ಲಿ ಕಾಳಿಂಗನಿಗೆ ಒಂದು ಪ್ರಶ್ನೆಯಷ್ಟೂ ಜಾಗ ಸಿಗುವುದು ಅಪರೂಪ.

ದುಡಿಮೆಯ ಹಾಡುಗಳಿಗೆ ಬರೋಣ. ಸಾರಕ್ಕಿ, ಯಡಿಯೂರು, ಕತ್ರಿಗುಪ್ಪೆ, ಕದಿರೇನಹಳ್ಳಿ, ತಾವರೆಕೆರೆ ಇವೆಲ್ಲ ಇಂದು ಬಸ್ ನಿಲ್ದಾಣದ ಹೆಸರುಗಳು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಹೊಲ, ತೋಟ, ಕೆರೆಗಳಿದ್ದ ಹಳ್ಳಿಗಳು. ಈ ಬಯಲಿನ ತೋಟಗಳಿಗೆ ನೀರು ಬರುತ್ತಿದ್ದುದು ಕಪಿಲೆ ಬಾವಿಯಿಂದ. ಜೋಡಿ ಎತ್ತು ಇಳಿಜಾರಿನಲ್ಲಿ ಇಳಿಯುತ್ತಾ ಬಾನಿಗೆ ಕಟ್ಟಿದ ಮಿಣಿಹಗ್ಗವನ್ನು ಎಳೆಯುತ್ತವೆ. ಕಪಿಲೆ ಹೊಡೆಯುವವನು ಮಿಣಿಯ ಮೇಲೆ ಭಾರ ಬಿಟ್ಟು ಕೂರುತ್ತಾನೆ. ಬಾನಿ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಆಮೇಲೆ ಎತ್ತುಗಳು ಹಿಂದಡಿ ಇಡುತ್ತಾ ಏರಬೇಕು. ಹಾಡು ಈ ಎರಡು ನಡೆಗೆ ಸರಿಯಾಗಿ ಎರಡು ತುಂಡಾಗುತ್ತದೆ. ಇಳಿಯುವಾಗ ಉದ್ದ ಸಾಲು, ಎಳೆದ ಸ್ವರ. ಬಾನಿ ಸುರಿದ ಗಳಿಗೆಯಲ್ಲಿ ಮೌನ. ಹಿಂದೆ ಬರುವಾಗ ಎತ್ತಿನ ಹೆಸರು ಹಿಡಿದ ಎರಡು ಮೂರು ಕೂಗು. ನಸುಕಿನಲ್ಲಿ ಒಂದು ತೋಟದ ಕಪಿಲೆ ಹಾಡಿಗೆ ಮುಂದಿನ ತೋಟದವನು ಉತ್ತರ ಕೊಡುತ್ತಿದ್ದ. ಈ ರಾಗ ಬೇರೆಲ್ಲೂ ಬರುವುದಿಲ್ಲ, ಏಕೆಂದರೆ ಆ ನಡಿಗೆ ಬೇರೆಲ್ಲೂ ಇಲ್ಲ. ವಿದ್ಯುತ್ ಪಂಪು ಬಂತು. ಹಾಡಿನ ಮಾತುಗಳು ಸಂಕಲನಗಳಲ್ಲಿ ಉಳಿದವು, ಅವನ್ನು ಎರಡಾಗಿ ಕತ್ತರಿಸುತ್ತಿದ್ದ ಎತ್ತಿನ ಹೆಜ್ಜೆ ಉಳಿಯಲಿಲ್ಲ. ಅಚ್ಚಾದ ಕಪಿಲೆ ಹಾಡುಗಳನ್ನು ಓದುವಾಗ, ಎಲ್ಲಿ ನೀರು ಸುರಿಯಿತು ಎಂದು ನಾನು ಊಹಿಸಿಕೊಳ್ಳಬೇಕಾಗುತ್ತದೆ.

ಉತ್ತರ ಕರ್ನಾಟಕದ ಹಂತಿ ಪದಗಳ ಕಥೆ ಬೇರೆಯಲ್ಲ. ಕಣದ ನಡುವೆ ಮೇಟಿ, ಅದಕ್ಕೆ ಕಟ್ಟಿದ ಎತ್ತುಗಳ ಸಾಲು, ಅದೇ ಹಂತಿ. ಬೆಳದಿಂಗಳಿನಲ್ಲಿ ಅವು ತೆನೆ ತುಳಿಯುತ್ತಾ ಸುತ್ತುವಾಗ ಹಿಂದೆ ನಡೆಯುವವರು ಕಥೆಗಳನ್ನೇ ಹಾಡುತ್ತಿದ್ದರು. ಎತ್ತು ನಿಂತರೆ ಹಾಡು ನಿಲ್ಲಬೇಕು, ಹಾಡು ನಿಂತರೆ ಎತ್ತೂ ನಿಲ್ಲುತ್ತದೆ. ಒಕ್ಕುವ ಯಂತ್ರಗಳು ಬಂದ ಮೇಲೆ ಹಂತಿ ಪದ ವೇದಿಕೆಗೆ ಬಂತು. ವೇದಿಕೆಯ ಮೇಲೆ ಅದನ್ನು ಬಹಳ ವೇಗವಾಗಿ ಹಾಡುತ್ತಾರೆ.

ಇನ್ನು ಸಂಗ್ರಹಕಾರರು. ಚಾರ್ಲ್ಸ್ ಗೋವರ್ 1871ರಲ್ಲಿ ದಕ್ಷಿಣ ಭಾರತದ ಜನಪದ ಗೀತೆಗಳ ಪುಸ್ತಕ ತಂದ. ಕನ್ನಡದ ಪಾಲಿನಲ್ಲಿ ದಾಸರ ಪದಗಳೇ ಮುಂದೆ ನಿಂತವು. ಫ್ಲೀಟ್ 1880ರ ದಶಕದಲ್ಲಿ ಲಾವಣಿಗಳನ್ನು ಪ್ರಕಟಿಸಿದ. ಅವನ ಆಸಕ್ತಿ ಇತಿಹಾಸದ್ದು. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಬಂದಾಗ ಕನ್ನಡ ಸಾಹಿತ್ಯಕ್ಕೆ ಹೊಸ ಬಾಗಿಲು ತೆರೆದಂತಾಯಿತು. ಬೀಸುಕಲ್ಲಿನ ಮುಂದೆ ಕೂತ ಹೆಣ್ಣು ನಮ್ಮ ಜನಪದ ಸಂಗ್ರಹದ ನಾಯಕಿಯಾದಳು. ಅದು ನ್ಯಾಯವೇ. ಆದರೆ ಆ ಬಾಗಿಲು ಮನೆಯದು. ದನಗಾಹಿಗಳ ಹಟ್ಟಿ, ದನ ಕೂಡುವ ರೊಪ್ಪ, ಅವು ಮೇಯುವ ಕಾವಲುಗಳ ದಾರಿ ಬಹಳ ದಿನ ಮುಚ್ಚಿಯೇ ಇತ್ತು. ಗೊರೂರರು, ಮತಿಘಟ್ಟ ಕೃಷ್ಣಮೂರ್ತಿ, ಎಸ್.ಕೆ. ಕರೀಂಖಾನ್ ಇವರೆಲ್ಲ ದೊಡ್ಡ ಕೆಲಸ ಮಾಡಿದರು. ಕರೀಂಖಾನರು ಹಾಡಿ ತೋರಿಸುತ್ತಿದ್ದರು; ಹಾಡನ್ನು ಹಾಳೆಯಿಂದ ಗಂಟಲಿಗೆ ವಾಪಸು ತಂದ ಆ ಗುಣಕ್ಕಾಗಿ ನನಗೆ ಅವರ ಮೇಲೆ ಮಿಕ್ಕವರಿಗಿಂತ ಪ್ರೀತಿ ಹೆಚ್ಚು.

ಅಮೆರಿಕದಲ್ಲಿ ಏನಾಯಿತೆಂದು ನೋಡಿದರೆ ನಮ್ಮ ಕೊರತೆ ತಿಳಿಯುತ್ತದೆ. ಟೆಕ್ಸಾಸಿನಿಂದ ಉತ್ತರದ ರೈಲು ನಿಲ್ದಾಣಗಳಿಗೆ ದನ ಹೊಡೆಯುವ ದೊಡ್ಡ ಪಯಣಗಳು ಶುರುವಾದದ್ದು 1866ರ ಹೊತ್ತಿಗೆ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಮುಳ್ಳುತಂತಿಯ ಬೇಲಿ ಬಯಲನ್ನೆಲ್ಲ ತುಂಡು ಮಾಡಿತು. 1908ರಲ್ಲಿ ಜ್ಯಾಕ್ ಥಾರ್ಪ್ ಎಂಬ ದನಗಾಹಿಯೇ ಹಾಡುಗಳ ಸಣ್ಣ ಪುಸ್ತಕ ಅಚ್ಚು ಹಾಕಿಸಿದ. 1910ರಲ್ಲಿ ಜಾನ್ ಲೋಮ್ಯಾಕ್ಸ್ ದೊಡ್ಡ ಸಂಕಲನ ತಂದು ಕೆಲವು ಹಾಡುಗಳಿಗಾದರೂ ಸ್ವರಲಿಪಿ ಕೊಟ್ಟ. 1920ರ ದಶಕದಲ್ಲಿ ಹಿಂಡಿನ ಜೊತೆ ಬೆಳೆದವರ ದನಿ ಗ್ರಾಮಫೋನಿಗೆ ಹೋಯಿತು. ಆಮೇಲೆ ಜೀನ್ ಆಟ್ರಿ, ರಾಯ್ ರಾಜರ್ಸ್‌ರ ಸಿನಿಮಾ ಹಾಡುಗಳು ಎಲ್ಲವನ್ನೂ ಮುಚ್ಚಿದವು ಎಂದು ಅಲ್ಲಿನ ಹಳಬರು ಬೇಸರಪಟ್ಟರೂ, ಹಳೆಯ ದನಿಯನ್ನು ಹುಡುಕಿ ಕೇಳಬಹುದು. 1985ರಿಂದ ನೆವಾಡದ ಎಲ್ಕೊ ಊರಿನಲ್ಲಿ ವರ್ಷವರ್ಷ ದನಗಾಹಿಗಳೇ ಸೇರಿ ಕವಿತೆ ಓದುತ್ತಾರೆ, ಹಾಡುತ್ತಾರೆ.

ಟೆಕ್ಸಾಸಿನದಕ್ಕೆ ಸರಿಸಮನಾದ ದನ ಹೊಡೆಯುವ ಪಯಣ ನಮ್ಮ ಮೈಸೂರು ಸೀಮೆಯಲ್ಲಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಹರಡಿದ ಕಾವಲುಗಳು ಮಳೆಗಾಲಕ್ಕೆ ಬೇರೆ, ಚಳಿಗೆ ಬೇರೆ, ಬೇಸಿಗೆಗೆ ಬೇರೆ ಎಂದು ಗುರುತಾಗಿದ್ದವು. ಹಿಂಡುಗಳು ಕಾಲಕಾಲಕ್ಕೆ ಒಂದರಿಂದ ಒಂದಕ್ಕೆ ನಡೆಯುತ್ತಿದ್ದವು. 1860ರಲ್ಲಿ ಸರ್ಕಾರ ಹಿಂಡುಗಳನ್ನು ಮಾರಿ ಇಲಾಖೆ ಮುಚ್ಚಿತು. 1866ರಲ್ಲಿ ಮತ್ತೆ ತೆರೆಯಿತು. ಟೆಕ್ಸಾಸಿನ ಪಯಣ ಶುರುವಾದ ವರ್ಷವೇ. ಆ ಹಿಂಡುಗಳ ಜೊತೆ ನಡೆದವರಲ್ಲಿ ಗೊಲ್ಲರು ಬಹಳ ಮಂದಿ. ದನದ ತಳಿ, ಲೆಕ್ಕ, ಹುಲ್ಲುಗಾವಲಿನ ಎಕರೆ ಎಲ್ಲವೂ ಗೆಜೆಟಿಯರುಗಳಲ್ಲಿ ಬರೆದಿದೆ. ಕಾಯುವವನು ಏನು ಹಾಡಿದ ಎಂದು ಕೇಳುವವರು ಬರಲು ನೂರು ವರ್ಷ ಹಿಡಿಯಿತು.

ಹಾಗೆ ಕೇಳಿದ್ದು ನಮ್ಮ ತಲೆಮಾರು. ಇದನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ಮೈಸೂರಿನಲ್ಲಿ ಜೀ.ಶಂ. ಪರಮಶಿವಯ್ಯನವರು ಜಾನಪದವನ್ನು ವಿಶ್ವವಿದ್ಯಾಲಯದ ಪಾಠವಾಗಿಸಿದರು. ಅವರ ದಾರಿ ಹಿಡಿದವರು ಟೇಪ್ ರೆಕಾರ್ಡರ್ ಹೊತ್ತು ಹಟ್ಟಿಗಳಿಗೆ ನಡೆದರು. ತೀ.ನಂ. ಶಂಕರನಾರಾಯಣ ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ಕೂತು ಅಧ್ಯಯನ ಮಾಡಿದರು. ಮ್ಯಾಸಬೇಡರ ದನಗಾಹಿ ವೀರ ಗಾದ್ರಿಪಾಲನಾಯಕನ ಕಾವ್ಯವೂ ಬೆಳಕಿಗೆ ಬಂತು. ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳ ಲೋಕ ಅಲ್ಲಿದೆ. 1990ರ ದಶಕದಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಜನಪದ ಮಹಾಕಾವ್ಯಗಳನ್ನು ಸಾಲಾಗಿ ತಂದಾಗ ಚಲುವರಾಜು ಅವರ ಸಂಪಾದನೆಯಲ್ಲಿ ‘ಜುಂಜಪ್ಪ’ ಬಂತು. ಎಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಕೃಷ್ಣಮೂರ್ತಿ ಹನೂರರು ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಜೊತೆ ಮಾಡಿದ ಕೆಲಸ. ಓದು ಬರಹವಿಲ್ಲದ ಆ ಕಾಡುಗೊಲ್ಲ ಅಜ್ಜಿಯ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ಹನೂರರು ಅವನ್ನು ‘ಸಾವಿರದ ಸಿರಿಬೆಳಗು’ ಎಂದು ಪುಸ್ತಕ ಮಾಡಿದರು. ಜನಪದ ಎಂದರೆ ಹೆಸರಿಲ್ಲದವರ ಹಾಡು ಎಂಬ ಮಾತನ್ನು ಒಬ್ಬ ಅಜ್ಜಿ ಸುಳ್ಳು ಮಾಡಿದಳು. ಕನ್ನಡದಲ್ಲಿ ಹಾಡುಗಾರರೊಬ್ಬರನ್ನು ಕವಿಯಂತೆ ಗೌರವಿಸಿ ಬರೆಯುವ ರೂಢಿ ಗಟ್ಟಿಯಾಗಿ ನಿಂತದ್ದು ಅಲ್ಲಿಂದಲೇ ಎಂದು ನಾನು ನಂಬಿದ್ದೇನೆ.

ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ. ದನ ಅವನ ಐಶ್ವರ್ಯ, ದನ ಅವನ ಸೇನೆ, ಸೋದರಮಾವಂದಿರ ಹಗೆ ಅವನ ಕಥೆಯ ಗಂಟು. ಶಿರಾ ತಾಲ್ಲೂಕಿನಲ್ಲಿ ಅವನ ಗುಡ್ಡೆಯಿದೆ. ಅವನ ಕಥೆಗೆ ಒದಗುವ ವಾದ್ಯ ಗಣೆ. ಬಿದಿರಿನದು, ಮೂರಡಿಗೂ ಮಿಕ್ಕಿದ ಉದ್ದ. ಕೊಳಲೆಂದರೆ ನಮ್ಮ ಕಣ್ಣ ಮುಂದೆ ಬರುವ ಸಭಾ ವಾದ್ಯಕ್ಕೂ ಇದಕ್ಕೂ ಗಾತ್ರದಲ್ಲಿ ಮಾತ್ರ ವ್ಯತ್ಯಾಸ ಎಂದುಕೊಂಡರೆ ತಪ್ಪಾಗುತ್ತದೆ. ಇದರ ಸ್ವಭಾವವೇ ಬೇರೆ.

ಎಂಬತ್ತರ ದಶಕದ ಒಂದು ಮಾಗಿಯ ಇರುಳು ಶಿರಾ ಸೀಮೆಯ ಒಂದು ಹಟ್ಟಿಯಲ್ಲಿ ನಾನು ಮೊದಲ ಸಲ ಗಣೆ ಕೇಳಿದೆ. ಸುತ್ತ ಕಳ್ಳೆಯ ಬೇಲಿ. ಹೊರಗೇ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಎಪ್ಪತ್ತರ ಸುಮಾರಿನ ಅಜ್ಜ ಕಂಬಳಿಯ ಮೇಲೆ ಕೂತಿದ್ದ. ಗಣೆಯನ್ನು ಬಟ್ಟೆಯಿಂದ ಬಿಚ್ಚಿ, ಹಣೆಗೆ ಒತ್ತಿಕೊಂಡು, ಬಾಯಿಗಿಟ್ಟಾಗ ಅವನ ಎರಡೂ ತೋಳು ಪೂರಾ ಚಾಚಬೇಕಾಯಿತು, ತಲೆ ಒಂದು ಬದಿಗೆ ವಾಲಿತು. ಮೊದಲು ಕೇಳಿಸಿದ್ದು ಸ್ವರವಲ್ಲ, ಉಸಿರು. ಒಣಹುಲ್ಲಿನ ಮೇಲೆ ಗಾಳಿ ಹಾಯ್ದಂತೆ. ಅದರ ಒಳಗಿನಿಂದ ನಿಧಾನವಾಗಿ ಒಂದು ತಗ್ಗಿನ ನಾದ ಎದ್ದಿತು. ಉಸಿರು ಒತ್ತಿದಾಗ ಅದೇ ಬೆರಳಿನಲ್ಲಿ ಮೇಲಿನ ಸ್ವರ. ಉಸಿರು ಮುಗಿದ ಕಡೆ ಗಣೆಯನ್ನು ತೆಗೆದು, ಬಿಟ್ಟ ಸ್ವರದಿಂದಲೇ ಕಥೆಯ ಸೊಲ್ಲು ಎತ್ತಿಕೊಂಡ. ಹಿಂದೆ ಕೂತ ಇಬ್ಬರು ಸೊಲ್ಲಿನ ಕೊನೆಗೆ ದನಿಗೂಡಿಸಿದರು. ಮತ್ತೆ ಗಣೆ, ಮತ್ತೆ ಸೊಲ್ಲು. ಜುಂಜಪ್ಪ ದುಃಖದಲ್ಲಿರುವ ಕಡೆ ಮಾತು ಕಡಿಮೆಯಾಗಿ ಗಣೆ ಉದ್ದವಾಯಿತು. ಜಗಳದ ಕಡೆ ಗಣೆ ನಿಂತು ಬರೀ ಮಾತು ಓಡಿತು. ಹತ್ತಿರದ ರೊಪ್ಪದಲ್ಲಿ ದನಗಳು ಮೆಲುಕು ಹಾಕುತ್ತಿದ್ದವು.

ಬೆಳಗಿನ ಜಾವ ನಾನು ಬರೆದುಕೊಂಡ ಹಾಳೆಗಳನ್ನು ನೋಡಿ ಅಜ್ಜ ಕೇಳಿದ: "ಎಲ್ಲಾ ಬರ್ಕೊಂಡ್ಯಾ ಸ್ವಾಮಿ?" ಹೌದೆಂದೆ. "ಪದ ಬರ್ಕೊಂಡೆ. ಗಣೆ ಎಂಗೆ ಬರ್ಕೊಂತೀಯ?" ಅಂದ.

ಈ ಪ್ರಶ್ನೆಗೆ ನಮ್ಮ ಶಾಸ್ತ್ರ ಇನ್ನೂ ಉತ್ತರ ಕೊಟ್ಟಿಲ್ಲ. ನಾವೆಲ್ಲ ಕನ್ನಡ ವಿಭಾಗಗಳಿಂದ ಬಂದವರು. ಹಾಡು ಎಂದರೆ ನಮಗೆ ಪಠ್ಯ. ಜನಪದ ಸಾಹಿತ್ಯ ಎಂದು ಹೆಸರಿಟ್ಟ ದಿನವೇ ಗಣೆ ಹೊರಗುಳಿಯಿತು. ನಾನು ನೋಡಿದ ಜುಂಜಪ್ಪನ ಪಠ್ಯಗಳಲ್ಲಿ ಗಣೆ ಎಲ್ಲಿ ಬಂತು, ಎಷ್ಟು ಹೊತ್ತು ನಡೆಯಿತು ಎಂಬ ಗುರುತಿಲ್ಲ. ಸಾಲುಗಳು ಒಂದರ ಕೆಳಗೊಂದು ಒತ್ತಾಗಿ ನಿಂತಿವೆ. ಓದಿದವನಿಗೆ ಇದೊಂದು ಉದ್ದ ಕವಿತೆ ಅನ್ನಿಸುತ್ತದೆ. ಆ ಇರುಳು ನಾನು ಕೇಳಿದ್ದರಲ್ಲಿ ಅರ್ಧದಷ್ಟು ಮಾತೇ ಇರಲಿಲ್ಲ. ನಮ್ಮ ಸಂಗೀತ ಶಾಸ್ತ್ರಜ್ಞರ ಮಾತು ಹೇಳುವುದಾದರೆ, ಬಸವನಗುಡಿಯ ಗಾಯನ ಸಮಾಜಕ್ಕೆ ನೂರು ವರ್ಷ ದಾಟಿದೆ, ದಕ್ಷಿಣ ಬೆಂಗಳೂರಿನಲ್ಲಿ ಬೀದಿಗೊಬ್ಬರು ಕೊಳಲು ಕಲಿಸುವವರಿದ್ದಾರೆ. ಅವರಲ್ಲಿ ಗಣೆಯನ್ನು ಕೈಯಲ್ಲಿ ಹಿಡಿದು ನೋಡಿದವರನ್ನು ನಾನು ಇನ್ನೂ ಕಾಣಬೇಕು.

ಕುರಿಗಾಹಿಗಳ ಸಂಗೀತಕ್ಕೆ ಇಷ್ಟು ಉಪೇಕ್ಷೆ ಆಗಲಿಲ್ಲ. ಹಾಲುಮತದ ಡೊಳ್ಳು ಸರ್ಕಾರಿ ಮೆರವಣಿಗೆಗಳ ಮುಂಚೂಣಿಗೇ ಬಂತು. ಆದರೆ ಡೊಳ್ಳಿನ ಕುಣಿತ ಬಂದಷ್ಟು ಡೊಳ್ಳಿನ ಪದ ಬರಲಿಲ್ಲ. ಅದರಲ್ಲಿ ಬರುವ ಬೀರೇಶ್ವರನ ಕಥೆಗೆ ವೇದಿಕೆಯ ಹತ್ತು ನಿಮಿಷ ಸಾಲದು. ಮೈಲಾರದ ಗೊರವರ ಕೈಯಲ್ಲಿ ಡಮರುಗವನ್ನು ಎಲ್ಲರೂ ನೋಡುತ್ತಾರೆ, ಪಿಳ್ಳಂಗೋವಿಯನ್ನು ಕೇಳುವವರು ಕಡಿಮೆ. ಮಲೆ ಮಾದೇಶ್ವರನ ಕಾವ್ಯದ ಅದೃಷ್ಟ ದೊಡ್ಡದು: ಪಿ.ಕೆ. ರಾಜಶೇಖರ 1970ರ ದಶಕದಲ್ಲೇ ಅದನ್ನು ಸಂಪಾದಿಸಿದರು, ಕಂಸಾಳೆ ಸಿನಿಮಾಕ್ಕೂ ಹೋಯಿತು. ಅದರಲ್ಲೂ ಆಲಂಬಾಡಿಯ ಜುಂಜೇಗೌಡನೆಂಬ ಕುರಿದನಗಳ ಸಿರಿವಂತನ ಕಥೆಯಿದೆ; ಕಂಸಾಳೆಯ ವೀರಾವೇಶ ಮೆಚ್ಚುವವರು ಅಲ್ಲಿವರೆಗೆ ಕಾದು ಕೂರುವುದಿಲ್ಲ.

ಸಿನಿಮಾದ 1973ರಿಂದ 75ರ ಮೂರು ವರ್ಷ ವಿಚಿತ್ರವಾದವು. 1973ರಲ್ಲಿ ದ್ವಾರಕೀಶರ ‘ಕೌಬಾಯ್ ಕುಳ್ಳ’ ಬಂತು; ಟೋಪಿ, ಕುದುರೆ, ಪಿಸ್ತೂಲು ಎಲ್ಲ ಹೊರಗಿನವು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಹಾಡಿದರು, ಜಿ.ಕೆ. ವೆಂಕಟೇಶ್ ಸಂಗೀತದ ಆ ಹಾಡಿನಿಂದಲೇ ಅವರು ಪೂರ್ಣಾವಧಿ ಗಾಯಕರಾದರು. ನನ್ನ ಮಟ್ಟಿಗೆ ಕನ್ನಡ ಸಿನಿಮಾದ ನಿಜವಾದ ದನಗಾಹಿ ಹಾಡು ಅದು: ಸವಾರಿಯ ತೂಗಾಟ ಲಯದಲ್ಲಿದೆ, ಊರಿನ ಮಾತಿಗೆ ತಲೆಕೆಡಿಸಿಕೊಳ್ಳದ ಬಯಲಿನವನ ಗತ್ತು ದನಿಯಲ್ಲಿದೆ. 1975ರಲ್ಲಿ ‘ಶೋಲೆ’. ಚಿತ್ರೀಕರಣ ನಮ್ಮ ರಾಮನಗರದ ಬಂಡೆಗಳಲ್ಲಿ. ಆರ್.ಡಿ. ಬರ್ಮನ್ ಸಂಗೀತದಲ್ಲಿ ಸಂಜೆಯ ಹೊತ್ತು ಬರುವ ಆ ಮೌತ್ ಆರ್ಗನ್ನನ್ನು ನುಡಿಸಿದವರು ಭಾನು ಗುಪ್ತ. ಅದ್ಭುತ ಸಂಗೀತ, ನನ್ನದೇನೂ ತಕರಾರಿಲ್ಲ. ಆದರೆ ಆ ಬಂಡೆಗಳ ಕೆಳಗೆ ದನ ಮೇಯಿಸುತ್ತಿದ್ದವರ ಹಾಡು ಏನಿತ್ತೆಂದು ಚಿತ್ರೀಕರಣಕ್ಕೆ ಬಂದವರು ಕೇಳಬೇಕಿರಲಿಲ್ಲ, ನಾವು ಕೇಳಬೇಕಿತ್ತು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದ ಎಚ್.ಎಲ್. ನಾಗೇಗೌಡರು 1994ರಲ್ಲಿ ಅದೇ ರಾಮನಗರದ ಹೆದ್ದಾರಿ ಬದಿಯಲ್ಲಿ ಜಾನಪದ ಲೋಕ ತೆರೆದರು. ವಾದ್ಯಗಳನ್ನು ಕಣ್ಣಿಗೆ ಕಾಣುವಂತೆ ಜೋಡಿಸಿಟ್ಟು, ಹಾಡುಗಾರರ ದನಿಯನ್ನೂ ಮುದ್ರಿಸಿಕೊಂಡರು. ಮೈಸೂರಿಗೆ ಹೋಗುವ ದಾರಿಯಲ್ಲಿ ಶೋಲೆ ಬೆಟ್ಟ ತೋರಿಸಿ ಮುಂದೆ ಹೋಗುವ ಕಾರುಗಳು ಇಲ್ಲಿ ಒಂದು ಗಂಟೆ ನಿಲ್ಲಬೇಕು.

ಇತ್ತೀಚಿನ ಇಪ್ಪತ್ತು ವರ್ಷಗಳಲ್ಲಿ ಬೆಂಗಳೂರಿನ ತರುಣರ ಬ್ಯಾಂಡುಗಳು ಜನಪದವನ್ನು ಗಿಟಾರಿನ ಜೊತೆ ಹಾಡುತ್ತಿವೆ. ರಘು ದೀಕ್ಷಿತ್, ಸ್ವರಾತ್ಮ ತಂಡ ಮೊದಲಾದವರಿಂದ ಎಷ್ಟೋ ಮಕ್ಕಳು ಕನ್ನಡದ ಹಾಡು ಕಲಿತಿದ್ದಾರೆ. ಅದು ಜಾನಪದ ಕೆಡಿಸುವ ಕೆಲಸ ಎನ್ನುವ ನನ್ನ ಗೆಳೆಯರ ಜೊತೆ ನಾನಿಲ್ಲ. ಆದರೆ ಈ ಸಂಗೀತ ತೆಗೆದುಕೊಳ್ಳುವುದು ತಾಳ ಗಟ್ಟಿಯಾಗಿರುವುದನ್ನು: ಕಂಸಾಳೆ, ಡೊಳ್ಳು, ತಮಟೆ. ಗಣೆಗೆ ತಾಳವಿಲ್ಲ, ಉಸಿರಿನ ಅಳತೆ ಮಾತ್ರ. ಅದನ್ನು ಗಿಟಾರಿನ ಜೊತೆ ಕೂರಿಸಲು ಗಿಟಾರೇ ಸುಮ್ಮನಿರುವುದನ್ನು ಕಲಿಯಬೇಕು. ಜಯನಗರದ ಆ ಹುಡುಗರು ಹಿಂಡಿನ ಹಾಡನ್ನು ಅಷ್ಟು ಮೆಲ್ಲಗೆ ಹಾಡಿದ್ದನ್ನು ನೋಡಿದರೆ, ಅವರಿಂದ ಅದು ಆದೀತು ಎನ್ನಿಸುತ್ತದೆ.

ಹಾಡು ಹುಟ್ಟಿದ ನೆಲದ ಸಂಗತಿಯನ್ನೂ ಹೇಳಬೇಕು. ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್, ಖುದಾಪುರ, ದೊಡ್ಡ ಉಳ್ಳಾರ್ತಿಯ ಅಮೃತ್ ಮಹಲ್ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ವಿಜ್ಞಾನ, ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಕೊಡಲಾಯಿತು. ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಕಾವಲಿನ ಸುತ್ತ ಗೋಡೆ, ಬೇಲಿ ಎದ್ದವು. ಸಿರಿಯಜ್ಜಿಯ ಹಟ್ಟಿಯಿರುವ ತಾಲ್ಲೂಕೇ ಅದು. ವಿಜ್ಞಾನ ಬೇಡವೆಂದು ನಾನು ಹೇಳುವುದಿಲ್ಲ. ಹುಲ್ಲುಗಾವಲನ್ನು ಪಾಳು ಜಮೀನು ಎಂದು ಕರೆದದ್ದು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಅಮೆರಿಕದಲ್ಲಿ ಬೇಲಿ ಮೊದಲು ಬಂತು, ಸಂಗ್ರಹಕಾರ ಆಮೇಲೆ ಬಂದ. ನಮ್ಮಲ್ಲಿ ಬೇಲಿ ಬರುವ ಮೊದಲೇ ನಾವು ಅಲ್ಲಿದ್ದೆವು, ಕೈಯಲ್ಲಿ ಯಂತ್ರವೂ ಇತ್ತು.

ಇಲ್ಲಿ ನಮ್ಮ ಕಡೆ ಸಂಕ್ರಾಂತಿಯ ಸಂಜೆ ಹಳೆಯ ಹಳ್ಳಿಗಳ ಬೀದಿಯಲ್ಲಿ ಈಗಲೂ ಕಿಚ್ಚು ಹಾಯಿಸುತ್ತಾರೆ. ಹೋದ ವರ್ಷ ಸಾರಕ್ಕಿ ಕಡೆ ನೋಡಿದೆ. ಕೋಡಿಗೆ ಬಣ್ಣ ಬಳಿದ ಹತ್ತು ಹನ್ನೆರಡು ದನ, ಬೀದಿಯ ಅಡ್ಡಕ್ಕೆ ಹುಲ್ಲಿನ ಉರಿ. ಸ್ಪೀಕರಿನಲ್ಲಿ ಸಿನಿಮಾ ಹಾಡು. ಆದರೆ ದನಗಳು ಉರಿಯ ಮುಂದೆ ಹಿಂಜರಿದಾಗ ಅವುಗಳ ಯಜಮಾನ ಬಾಯಿಗೆ ಅಂಗೈ ಒಡ್ಡಿ ಎರಡು ಕೂಗು ಹಾಕಿದ. ಮೊದಲನೆಯದು ಎಳೆದದ್ದು, ಎರಡನೆಯದು ಮೊಟಕು. ಸ್ಪೀಕರನ್ನು ಮೀರಿ ಅದು ದನಕ್ಕೆ ಕೇಳಿಸಿತು, ಹಾಯ್ದವು. ಆ ಕೂಗುಗಳು ಸೀಮೆಯಿಂದ ಸೀಮೆಗೆ ಬೇರೆ. ಕರೆಯುವುದಕ್ಕೆ ಒಂದು, ತಡೆಯುವುದಕ್ಕೆ ಒಂದು, ನೀರಿಗೆ ಇಳಿಸುವುದಕ್ಕೆ ಒಂದು. ಅವುಗಳನ್ನು ಕೂಡಿಸಿಟ್ಟ ಪುಸ್ತಕವಾಗಲಿ ಧ್ವನಿಸುರುಳಿಯಾಗಲಿ ನನ್ನ ಕಪಾಟಿನಲ್ಲಿಲ್ಲ.

ಆ ಶಿರಾದ ಇರುಳಿನ ನನ್ನ ಕ್ಯಾಸೆಟ್ಟುಗಳನ್ನು ಈ ಬೇಸಿಗೆಯಲ್ಲಿ ಕಂಪ್ಯೂಟರಿಗೆ ಹಾಕಿಸಿದೆ. ಬಿ.ಟಿ.ಎಂ. ಬಡಾವಣೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಸಹಾಯ ಮಾಡುತ್ತಿದ್ದಾಳೆ. ಎರಡನೇ ದಿನ ಅವಳು ಕೇಳಿದಳು: "ಸರ್, ಗಣೆ ಶುರುವಾದ ತಕ್ಷಣ ಯಾಕೆ ಕಟ್ ಆಗುತ್ತೆ?" ಟೇಪು ಉಳಿಸಲು ನಾನೇ ನಿಲ್ಲಿಸುತ್ತಿದ್ದೆ. ಕ್ಯಾಸೆಟ್ಟು ದುಬಾರಿ, ಮಾತು ತಪ್ಪಿಹೋಗಬಾರದು ಎಂಬ ಆತಂಕ. ಸೊಲ್ಲು ಬಂದಾಗ ಮತ್ತೆ ಗುಂಡಿ ಒತ್ತುತ್ತಿದ್ದೆ. ಆರು ಗಂಟೆಯ ಮುದ್ರಣದಲ್ಲಿ ಗಣೆ ಒಟ್ಟು ಹನ್ನೊಂದು ನಿಮಿಷ ಇದೆ, ಅದೂ ಚೂರುಚೂರಾಗಿ. ನನ್ನ ಕಾಲದ ಬೇರೆ ಸಂಗ್ರಹಕಾರರ ಬಳಿಯೂ ಇಂಥ ಕ್ಯಾಸೆಟ್ಟುಗಳು ಅಟ್ಟದ ಮೇಲಿರಬೇಕು. ಈಗ ನಾವು ಆ ಚೂರುಗಳಿಗೆ ಒಂದೊಂದಾಗಿ ಗುರುತು ಹಾಕುತ್ತಿದ್ದೇವೆ: ಯಾವ ಸೊಲ್ಲಿನ ನಂತರ, ಎಷ್ಟು ಸೆಕೆಂಡು, ಯಾವ ಸ್ವರದಿಂದ ಯಾವ ಸ್ವರಕ್ಕೆ. ಮೂರನೇ ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ ನಾನು ನಿಲ್ಲಿಸುವುದನ್ನು ಮರೆತ ಒಂದು ಜಾಗವಿದೆ. ಗಣೆ ನಡೆಯುತ್ತಿರುವಾಗ ರೊಪ್ಪದ ಕಡೆಯಿಂದ ಹಸುವೊಂದು ಅಂಬಾ ಎನ್ನುತ್ತದೆ. ಅಜ್ಜ ಊದುವುದನ್ನು ನಿಲ್ಲಿಸಿ, ಅದರ ಹೆಸರು ಹಿಡಿದು ಮೆಲ್ಲಗೆ ಏನೋ ಹೇಳುತ್ತಾನೆ. ಹಸು ಸುಮ್ಮನಾಗುತ್ತದೆ, ಗಣೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಆ ಹೆಸರು ಏನೆಂದು ಇನ್ನೂ ಸ್ಪಷ್ಟವಾಗಿಲ್ಲ. ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳುತ್ತಿದ್ದಾಳೆ.